ಅಮೆರಿಕದ ಕಾಲೇಜು ಕ್ರೀಡಾ ಒಕ್ಕೂಟ ನಾರ್ತ್ ಸೆಂಟ್ರಲ್ ಕಾನ್ಫರೆನ್ಸ್ ಯಾಕೆ ಮುಚ್ಚಿತು? ಅದರ ಕಾಲೇಜುಗಳು ಎಲ್ಲಿಗೆ ಹೋದವು?

ದೊಡ್ಡ ಕಾಲೇಜುಗಳು ಒಂದೊಂದಾಗಿ ಮೇಲಿನ ದರ್ಜೆಗೆ ಹೋಗಿಬಿಟ್ಟವು, ಅದಕ್ಕೇ ಮುಚ್ಚಿತು. ದುಡ್ಡಿಲ್ಲದೆ ಸೊರಗಿದ ಒಕ್ಕೂಟ ಅಲ್ಲ ಇದು.

ಅಮೆರಿಕದ ಡಕೋಟಾ, ಮಿನೆಸೋಟ, ಅಯೋವಾ, ನೆಬ್ರಾಸ್ಕ ಕಡೆಯ ಕಾಲೇಜುಗಳು 1922ರಲ್ಲಿ ಸೇರಿ ಕಟ್ಟಿದ ಕ್ರೀಡಾ ಒಕ್ಕೂಟ ಇದು. ಕೊನೆಗೆ ಡಿವಿಜನ್ ಎರಡರಲ್ಲಿತ್ತು, ಅಂದರೆ ಅಲ್ಲಿನ ಕಾಲೇಜು ಕ್ರೀಡೆಯ ಎರಡನೇ ದರ್ಜೆಯಲ್ಲಿ. ಅಲ್ಲಿ ಇದಕ್ಕೆ ಭಾರಿ ಹೆಸರು. ನಾರ್ತ್ ಡಕೋಟಾ ಸ್ಟೇಟ್ ಒಂದೇ 1983ರಿಂದ 1990ರೊಳಗೆ ಐದು ಸಲ ಫುಟ್‌ಬಾಲ್ ರಾಷ್ಟ್ರೀಯ ಚಾಂಪಿಯನ್ ಆಯಿತು. (ಇದು ಅಮೆರಿಕನ್ ಫುಟ್‌ಬಾಲ್, ನಮ್ಮ ಕಾಲ್ಚೆಂಡಲ್ಲ.)

ಆದರೆ ಡಿವಿಜನ್ ಎರಡರಲ್ಲಿ ಫುಟ್‌ಬಾಲ್‌ಗೆ 36 ಸ್ಕಾಲರ್‌ಶಿಪ್ ಮಾತ್ರ ಕೊಡಬಹುದಿತ್ತು. ಡಿವಿಜನ್ ಒಂದರ ಕೆಳಹಂತದಲ್ಲೇ 63. ಜೊತೆಗೆ ಜಾಸ್ತಿ ಹೆಸರು. ಆಸೆ ಆಗದೆ ಇರುತ್ತಾ? 2003ರಲ್ಲಿ ನಾರ್ದರ್ನ್ ಕೊಲೊರಾಡೊ ಹೊರಟಿತು. ಮರುವರ್ಷ ನಾರ್ತ್ ಡಕೋಟಾ ಸ್ಟೇಟ್, ಸೌತ್ ಡಕೋಟಾ ಸ್ಟೇಟ್. 2008ರಲ್ಲಿ ನಾರ್ತ್ ಡಕೋಟಾ, ಸೌತ್ ಡಕೋಟಾ ವಿಶ್ವವಿದ್ಯಾಲಯಗಳೂ ಹೋದ ಮೇಲೆ ಒಕ್ಕೂಟವೇ ಉಳಿಯಲಿಲ್ಲ.

ಉಳಿದವುಗಳಲ್ಲಿ ಆಗಸ್ಟಾನಾ, ಮಿನೆಸೋಟ ಸ್ಟೇಟ್ ಮನ್‌ಕೇಟೊ, ಮಿನೆಸೋಟ ಡುಲೂತ್, ಸೇಂಟ್ ಕ್ಲೌಡ್ ಸ್ಟೇಟ್ ಈ ನಾಲ್ಕೂ ಡಿವಿಜನ್ ಎರಡರದ್ದೇ ಇನ್ನೊಂದು ಒಕ್ಕೂಟವಾದ ನಾರ್ದರ್ನ್ ಸನ್ ಸೇರಿದವು. ನೆಬ್ರಾಸ್ಕ ಒಮಾಹಾ ಬೇರೆ ಒಕ್ಕೂಟಕ್ಕೆ ಹೋಗಿ, ಆಮೇಲೆ ತಾನೂ ಡಿವಿಜನ್ ಒಂದಕ್ಕೆ ಏರಿತು.

ನನಗೆ ತುಂಬಾ ಇಷ್ಟವಾದ ಸಂಗತಿ ಬೇರೆ ಇದೆ. ಒಮಾಹಾ ಮತ್ತು ನಾಲ್ಕೂ ಡಕೋಟಾ ಕಾಲೇಜುಗಳು ಮುಂದೆ ಡಿವಿಜನ್ ಒಂದರ ಒಕ್ಕೂಟವಾದ ಸಮ್ಮಿಟ್ ಲೀಗ್‌ನಲ್ಲಿ ಮತ್ತೆ ಒಟ್ಟಾದವು. 1922ರ ಹಳೇ ಸದಸ್ಯ ಸೇಂಟ್ ಥಾಮಸ್ ಕೂಡ 2021ರಲ್ಲಿ ಅಲ್ಲಿಗೇ ಬಂತು!