ಟಿಟಿ (ಟೇಬಲ್ ಟೆನಿಸ್) ಆಡೋ ಮುಂಚೆ ಯಾವ ಸ್ಟ್ರೆಚಿಂಗ್ ಒಳ್ಳೇದು? ನಮ್ಗೆ ಅರ್ಧ ಗಂಟೆ ಸ್ಲಾಟ್ ಅಷ್ಟೇ ಸಿಗೋದು, 2 ನಿಮಿಷ ನಾಕಿಂಗ್ (ಪಾಯಿಂಟ್ ಲೆಕ್ಕ ಇಲ್ದೆ ಸುಮ್ನೆ ಚೆಂಡು ಅತ್ತಿತ್ತ ಹೊಡಿಯೋದು) ಸಾಕಾಗಲ್ವಾ?

ಸಾಕಾಗಲ್ಲ. ನಾನೂ ನಿಮ್ ಥರಾನೇ ಸಾಕು ಅಂದ್ಕೊಂಡು ಮೂರು ತಿಂಗಳು ಬ್ಯಾಟ್ ಮುಟ್ಟದೆ ಕೂತಿದ್ದೆ.

ಮೈಸೂರಲ್ಲಿ ಇಂಟರ್ ಆಫೀಸ್ ಟೂರ್ನಮೆಂಟ್, ಜನವರಿ ತಿಂಗಳು, ಬೆಳಗ್ಗೆ ಹಾಲ್ ಒಳಗೆ ಬೆರಳು ಮರಗಟ್ಟೋ ಚಳಿ. ಮೊದಲ ಮ್ಯಾಚ್‌ಗೆ ಮುಂಚೆ ಚೆನ್ನಾಗೇ ಓಡಾಡಿ ಮೈ ಬಿಸಿ ಮಾಡ್ಕೊಂಡಿದ್ದೆ, ಗೆದ್ದೆ ಕೂಡ. ಮುಂದಿನ ಮ್ಯಾಚ್ ಲೇಟಾಯ್ತು, ಒಂದು ಗಂಟೆ ಕುರ್ಚಿ ಮೇಲೆ ಕಾಫಿ ಕುಡ್ಕೊಂಡು ಬೇರೆಯವರ ಆಟ ನೋಡ್ತಾ ಕೂತ್ಬಿಟ್ಟೆ, ಬೆವರಿದ ಟೀ ಶರ್ಟ್ ಮೈಮೇಲೇ ಒಣಗ್ತು. ಹೆಸರು ಕೂಗಿದಾಗ ಎದ್ದು, ಬಗ್ಗಿ ಕಾಲ್ಬೆರಳು ಹಿಡ್ಕೊಂಡು ಒಂದ್ನಿಮಿಷ ನಿಂತೆ, ಟೇಬಲ್‌ಗೆ ಹೋಗಿ ಎರಡು ನಿಮಿಷ ಫೋರ್‌ಹ್ಯಾಂಡ್ ಬ್ಯಾಕ್‌ಹ್ಯಾಂಡ್ ನಾಕಿಂಗ್ ಮಾಡಿದೆ, ಅಷ್ಟೇ. ಎರಡನೇ ಪಾಯಿಂಟಲ್ಲೇ ಎದುರಿನವರು ಫೋರ್‌ಹ್ಯಾಂಡ್ ಮೂಲೆಗೆ ಭಾರೀ ಬ್ಯಾಕ್‌ಸ್ಪಿನ್ ಇರೋ ಪುಶ್ ಕೊಟ್ರು, ಅಂದ್ರೆ ಚೆಂಡಿನ ಕೆಳಗೆ ಸವರಿ ಅದು ಹಿಂದಕ್ಕೆ ಸುತ್ತೋ ಹಾಗೆ ತಳ್ಳಿದ್ರು, ನಾನು ಕೆಳಗಿಂದ ಪೂರ್ತಿ ಜೋರಲ್ಲಿ ಲೂಪ್ (ಚೆಂಡು ಮುಂದಕ್ಕೆ ಸುತ್ತೋ ಹಾಗೆ ಮೇಲಕ್ಕೆ ಸವರೋ ಹೊಡೆತ) ಎತ್ತಿದೆ, ಸೊಂಟದ ಬಲಗಡೆ ಚಳಕ್ ಅಂತು. ನೆಟ್ಟಗೆ ನಿಲ್ಲಕ್ಕೂ ಆಗ್ಲಿಲ್ಲ.

ತಪ್ಪು ಎಲ್ಲಾಯ್ತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಲ್ರೂ "ವಾರ್ಮಪ್ ಮಾಡಿರಲ್ಲ" ಅಂದ್ಬಿಡ್ತಾರೆ. ಮಾಡಿದ್ದೆ ರೀ. ಒಂದು ಗಂಟೆ ಹಿಂದೆ ಮಾಡಿದ್ದೆ, ಕೂತಲ್ಲೇ ಅದು ಮೈಯಿಂದ ಇಳಿದು ಹೋಗಿತ್ತು, ಅದು ನಂಗೆ ಹೊಳೀಲೇ ಇಲ್ಲ. ಇನ್ನೊಂದು, ನಾಕಿಂಗಲ್ಲಿ ನಾನು ಮಾಡಿದ್ದು ನಿಂತ ಜಾಗದಲ್ಲೇ ಕೈ ಆಡಿಸೋದು, ಅದರಲ್ಲಿ ಮಂಡಿ ಬಗ್ಗಲ್ಲ, ಸೊಂಟ ತಿರುಗಲ್ಲ. ಬ್ಯಾಕ್‌ಸ್ಪಿನ್ ಚೆಂಡು ಎತ್ತೋವಾಗ ಮಾತ್ರ ಕೆಳಗೆ ಕೂತು, ಸೊಂಟ ತಿರುಗಿಸಿ, ಕಾಲಿಂದ ಮೇಲಕ್ಕೆ ಎಳೀಬೇಕು. ಚೆಂಡು 2.7 ಗ್ರಾಂ ಅಷ್ಟೇ ಇರ್ಬಹುದು, ಆದ್ರೆ ಆ ಹೊಡೆತದಲ್ಲಿ ತಿರುಗಿ ಎದ್ದೇಳೋದು ನಿಮ್ಮ ಇಡೀ ಮೈಭಾರ. ಆ ಬೆಳಗ್ಗೆ ಅಷ್ಟು ಹೊತ್ತು ಕೂತಮೇಲೆ ನನ್ನ ಸೊಂಟಕ್ಕೆ ಮೊದಲ ಕೆಲಸ ಸಿಕ್ಕಿದ್ದೇ ಆ ಲೂಪಲ್ಲಿ, ಅದೂ ಪೂರ್ತಿ ಜೋರಲ್ಲಿ. ಮ್ಯಾಚ್ ಟೇಬಲಲ್ಲಿ ರೂಲ್ ಪ್ರಕಾರ ಸಿಗೋದೇ ಎರಡು ನಿಮಿಷ, ಅಷ್ಟರಲ್ಲಿ ಬೌನ್ಸು ಲೈಟು ಕಣ್ಣಿಗೆ ಹೊಂದ್ಕೊಂಡ್ರೆ ಅದೇ ಹೆಚ್ಚು, ಮೈ ಬಿಸಿ ಮಾಡೋ ಕೆಲಸ ಅದಕ್ಕೆ ಹೊರಿಸ್ಬೇಡಿ.

ಅದಕ್ಕೇ ಯಾವ ಸ್ಟ್ರೆಚಿಂಗ್ ಅನ್ನೋ ಪ್ರಶ್ನೇನೇ ಬಿಟ್ಬಿಡಿ. ಒಂದೇ ಭಂಗಿಲಿ ಎಳ್ಕೊಂಡು ನಿಲ್ಲೋದೆಲ್ಲ ಆಟ ಮುಗಿದ ಮೇಲೆ. ಆಟಕ್ಕೆ ಮುಂಚೆ ಜಾಸ್ತಿ ಹೊತ್ತು ಹಾಗೆ ಹಿಡಿದ್ರೆ ಸ್ನಾಯು ಸ್ವಲ್ಪ ಹೊತ್ತು ಜೋರು ಕಳ್ಕೊಳ್ಳುತ್ತೆ. ನಾನೀಗ ಬ್ಯಾಟ್ ಮುಟ್ಟೋ ಮುಂಚೆ ಐದಾರು ನಿಮಿಷ ಸ್ಕಿಪ್ಪಿಂಗ್ ಮಾಡ್ತೀನಿ, ಹಗ್ಗ ಇಲ್ದಿದ್ರೆ ಮೆಟ್ಟಿಲು ಹತ್ತಿ ಇಳೀತೀನಿ, ಹಣೇಲಿ ಬೆವರು ಕಾಣ್ಬೇಕು. ಆಮೇಲೆ ಮಂಡಿ ಬಗ್ಗಿಸ್ಕೊಂಡು ಅಡ್ಡಡ್ಡ ಹೆಜ್ಜೆ, ಭುಜ ಎರಡೂ ಕಡೆ ತಿರುಗಿಸೋದು, ಸೊಂಟ ನಿಧಾನಕ್ಕೆ. ಮುಖ್ಯವಾದದ್ದು ಶ್ಯಾಡೋ, ಚೆಂಡಿಲ್ಲದೇ ಕೆಳಗಿಂದ ಲೂಪ್ ಹೊಡಿಯೋದು, ಮೊದಲು ಅರ್ಧ ಜೋರಲ್ಲಿ, ಹಾಗೇ ಹೆಚ್ಚಿಸ್ಕೊಂಡು ಇಪ್ಪತ್ತು ಸಲ. ಪ್ರಾಕ್ಟೀಸ್ ಟೇಬಲ್ ಸಿಕ್ರೆ ಬರೀ ಕೌಂಟರ್ (ಬಂದ ಚೆಂಡನ್ನ ನಿಂತಲ್ಲೇ ವಾಪಸ್ ಹೊಡಿಯೋದು) ಆಡ್ತಾ ನಿಲ್ಬೇಡಿ, ಪಾರ್ಟ್ನರ್‌ಗೆ ಪುಶ್ ಕೊಡಕ್ಕೆ ಹೇಳಿ ಹತ್ತು ಚೆಂಡಾದ್ರೂ ಎತ್ತಿ, ಸರ್ವ್ ಕೊನೇಲಿ. ಮಧ್ಯೆ ಕೂರ್ಬೇಕಾದ್ರೆ ಬೆವರಿದ ಶರ್ಟ್ ತೆಗೆದು ಬೇರೆ ಒಣ ಶರ್ಟ್ ಹಾಕಿ ಮೇಲೆ ಜಾಕೆಟ್ ಹಾಕ್ಕೊಳ್ಳಿ, ನಿಮ್ ಸರದಿ ಹತ್ರ ಬಂದ ತಕ್ಷಣ ಮತ್ತೆ ಸ್ಕಿಪ್ಪಿಂಗು, ಶ್ಯಾಡೋ. ಎರಡನೇ ಸಲ ಯಾಕೆ ಅಂತ ಸೋಮಾರಿತನ ಬರುತ್ತೆ, ನಾನು ಕೆಟ್ಟಿದ್ದು ಅಲ್ಲೇ.

ಅರ್ಧ ಗಂಟೆ ಸ್ಲಾಟಲ್ಲಿ ಇದಕ್ಕೆಲ್ಲ ಟೈಮ್ ಎಲ್ಲಿ ಅಂದ್ರೆ, ಸ್ಲಾಟ್ ಒಳಗೆ ಮಾಡೋದೇ ಬೇಡ, ಹತ್ತು ನಿಮಿಷ ಮುಂಚೆ ಬಂದು ಕಾರಿಡಾರಲ್ಲಿ ಮುಗಿಸ್ಕೊಳ್ಳಿ. ಅದಕ್ಕೆ ಟೇಬಲ್ ಬೇಕಿಲ್ಲ.