ಓದುಗರ ಪ್ರಶ್ನೆ: ಹಳೇ ಫಿಯಟ್ ಸ್ಪೈಡರ್ ಮಾರಬೇಕು

ಪ್ರಶ್ನೆ: ತೀರಿಕೊಂಡ ಅಪ್ಪನ 1972ರ ಫಿಯಟ್ 124 ಸ್ಪೈಡರ್ ಕಾರು ವರ್ಷಗಳಿಂದ ಶೆಡ್ಡಿನಲ್ಲೇ ನಿಂತಿದೆ. ಬಣ್ಣ ಹೊಡೆಸಿ ಮಾರಲೇ?
– ಓದುಗರು, ದಾವಣಗೆರೆ

ಉತ್ತರ: ಬಣ್ಣ ಬೇಡವೇ ಬೇಡ. ಹೊಸ ಬಣ್ಣ ಕಂಡರೆ ಅಡಿಯಲ್ಲಿ ತುಕ್ಕು ಮುಚ್ಚಿದ್ದಾರೆ ಎಂದೇ ಗಾಡಿ ಬಲ್ಲ ಗಿರಾಕಿಗಳ ಅನುಮಾನ. ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದೇ ಬರುತ್ತಾರೆ. ಅದು ಕಚ್ಚದ ಕಡೆ ಪುಟ್ಟಿ ಇದೆ ಎಂದರ್ಥ. ಈ ಗಾಡಿಯಲ್ಲಿ ಮುಖ್ಯವಾಗಿ ನೋಡುವುದು ಬಾನೆಟ್ ಒಳಗೆ ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗ. ಆಮೇಲೆ ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು. ಅವುಗಳ ಫೋಟೊ ನೀವೇ ಮೊದಲು ಕಳಿಸಿ, ಚೌಕಾಸಿ ಕಡಿಮೆಯಾಗುತ್ತದೆ.

ಸದ್ಯಕ್ಕೆ ಸೆಲ್ಫ್ ಹೊಡೆಯಬೇಡಿ. ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ರಬ್ಬರಿನದು. ಒಣಗಿ ಕಡಿದರೆ ವಾಲ್ವ್ ಬಾಗುವ ಅಪಾಯವಿದೆ. ಬೆಲ್ಟ್, ಅದನ್ನು ಬಿಗಿ ಹಿಡಿಯುವ ಟೆನ್ಶನರ್ ಎರಡನ್ನೂ ಬದಲಿಸಿ, ಟ್ಯಾಂಕಿನ ಹಳೇ ಪೆಟ್ರೋಲ್ ಹೊರಗೆ ತೆಗೆಸಿ, ಬಿಲ್ ಇಟ್ಟುಕೊಳ್ಳಿ. ಮಡಚುವ ಹುಡ್‌ನ (ಮೇಲ್ಚಾವಣಿಯ) ಹಿಂದಿನ ಪ್ಲಾಸ್ಟಿಕ್ ಕಿಟಕಿ ನಮ್ಮೂರ ಬಿಸಿಲಿಗೆ ಸೀಳಿರುತ್ತದೆ. ಅದನ್ನು ಕೊಳ್ಳುವವರಿಗೇ ಬಿಡಿ.

ಕಾಗದದ ಕೆಲಸವೇ ದೊಡ್ಡದು. ಮೊದಲು ಆರ್‌ಟಿಒ ಕಚೇರಿಗೆ ಫಾರಂ 31 ಕೊಟ್ಟು ಆರ್‌ಸಿ (ನೋಂದಣಿ ಪತ್ರ) ವಾರಸುದಾರರ ಹೆಸರಿಗೆ ಮಾಡಿಸಿ; ಮಾರುವಾಗ ಮಾಲೀಕತ್ವ ವರ್ಗಾವಣೆಗೆ ಫಾರಂ 29 ಎರಡು ಪ್ರತಿ, ಜೊತೆಗೆ ಫಾರಂ 30. ಗಾಡಿಯ ಮೈಮೇಲೆ ಕೊರೆದ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿ ಜೊತೆ ಈಗಲೇ ತಾಳೆ ನೋಡಿ. ಒಂದಂಕಿ ತಪ್ಪಿದರೂ ವ್ಯವಹಾರ ನಿಂತಂತೆ. ವಿಂಟೇಜ್ ನೋಂದಣಿಗೆ (ಬಹಳ ಹಳೇ ಗಾಡಿಗಳ ಪ್ರತ್ಯೇಕ ನೋಂದಣಿ) ಅವಸರ ಬೇಡ, ಆ ನಂಬರಿನ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಗಿರಾಕಿ ಸಿಗುವುದು ಬಹುಶಃ ಬೆಂಗಳೂರಿನಲ್ಲಿ; ಗಾಡಿಯನ್ನು ಲಾರಿಯಲ್ಲೇ ಕಳಿಸಿ, ಅದೂ ಪೂರ್ತಿ ಹಣ ಖಾತೆಗೆ ಬಿದ್ದ ಮೇಲೆ.