ಎರವಲು ತಂದ ಡ್ರಿಲ್ ಮೆಷಿನ್ ಸುಟ್ಟುಹೋದರೆ ಬೈಬಲ್ ಪ್ರಕಾರ ದುಡ್ಡು ಕೊಡಬೇಕಾ?

ಗೆಳೆಯನ ಡ್ರಿಲ್ ಮೆಷಿನ್ ತಂದಿರಿ, ಗೋಡೆಗೆ ತೂತು ಹಾಕುವಾಗ ಮೋಟಾರ್ ಸುಟ್ಟಿತು. ‘ನನ್ನ ತಪ್ಪಿಲ್ಲ, ಆದರೂ ಕೊಡಬೇಕಾ? ಅವನೂ ಕ್ರೈಸ್ತ, ಬಿಟ್ಟುಬಿಡಬೇಕು ಅಲ್ವಾ?’ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಕೊಡಬೇಕು.

ಹೆಚ್ಚುಕಡಿಮೆ ನಿಮ್ಮದೇ ಕೇಸು ವಿಮೋಚನಕಾಂಡ 22ನೇ ಅಧ್ಯಾಯದಲ್ಲಿದೆ. ಡ್ರಿಲ್ ಜಾಗದಲ್ಲಿ ದನ, ಅಷ್ಟೇ. 14 ಮತ್ತು 15ನೇ ವಚನ ನೋಡಿ. ನೆರೆಯವನಿಂದ ಎರವಲು ತಂದ ಪ್ರಾಣಿಗೆ ಪೆಟ್ಟಾದರೆ ಅಥವಾ ಅದು ಸತ್ತರೆ, ಮಾಲೀಕ ಅಲ್ಲಿಲ್ಲದಿದ್ದರೆ, ತಂದವನು ನಷ್ಟ ತುಂಬಿಕೊಡಬೇಕು. ಮಾಲೀಕ ಜೊತೆಗೇ ಇದ್ದರೆ ಬೇಕಿಲ್ಲ. ಬಾಡಿಗೆಗೆ ತಂದಿದ್ದರೆ ನಷ್ಟ ಬಾಡಿಗೆಯಲ್ಲೇ ಸೇರಿತು. ತಪ್ಪು ಯಾರದು ಅಂತ ಅಲ್ಲಿ ಕೇಳೋದೇ ಇಲ್ಲ.

ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂಚೆ, ಬೇರೆಯವರ ದನ ಕಾಯಲು ಒಪ್ಪಿಕೊಂಡವನ ಮಾತು ಬರುತ್ತದೆ. ಯಾರೂ ನೋಡದಾಗ ದನ ಸತ್ತರೆ ಅವನು ದೇವರ ಮುಂದೆ ಆಣೆಯಿಟ್ಟರೆ ಸಾಕು. ಕಾಡುಮೃಗ ಕೊಂದಿದ್ದರೆ ಉಳಿದದ್ದನ್ನು ಸಾಕ್ಷಿಗೆ ತಂದು ತೋರಿಸಿದರಾಯಿತು. ಎರವಲು ತಂದವನಿಗೆ ಈ ದಾರಿ ಇಲ್ಲ. ಯಾಕೆ ಅಂತ ಬರೆದಿಲ್ಲ. ನನಗೆ ತೋಚೋದು ಇಷ್ಟು: ಕಾಯುವವನು ಮಾಲೀಕನ ಕೆಲಸ ಮಾಡುತ್ತಿದ್ದಾನೆ. ಎರವಲು ತಂದವನು ತನ್ನ ಕೆಲಸ ಪುಕ್ಕಟೆಯಾಗಿ ಮಾಡಿಕೊಳ್ಳುತ್ತಿದ್ದಾನೆ. ಲಾಭ ಪೂರ್ತಿ ಅವನದಾದರೆ ನಷ್ಟವೂ ಅವನದೇ.

ನಿಮಗೆ ಅನುಕೂಲವಾಗುವ ಮಾತೂ ಒಂದಿದೆ. ಬೈಬಲ್‌ನಲ್ಲಲ್ಲ, ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುಡ್‌ನಲ್ಲಿ. ಯಾವ ಕೆಲಸಕ್ಕೆ ಅಂತ ತಂದರೋ ಅದೇ ಕೆಲಸ ಮಾಡುವಾಗ ದನ ಸತ್ತರೆ ತಂದವನು ಕೊಡಬೇಕಿಲ್ಲ ಅಂತ ರಬ್ಬಿಗಳು ಹೇಳಿದ್ದಾರೆ. ‘ಸುಮ್ಮನೆ ಚಪ್ಪರದಡಿ ನಿಲ್ಲಿಸೋಕೆ ತಂದಿರಲಿಲ್ಲವಲ್ಲ’ ಅನ್ನೋದು ಅವರ ವಾದ. ನನಗೆ ತುಂಬಾ ಇಷ್ಟವಾದ ವಾದ. ಆದರೆ ಚಿಕ್ಕ ಡ್ರಿಲ್‌ನಲ್ಲಿ ಗಂಟೆಗಟ್ಟಲೆ ಕಾಂಕ್ರೀಟ್ ಕೊರೆದಿದ್ದರೆ ಇದೂ ನಿಮ್ಮ ಸಹಾಯಕ್ಕೆ ಬರಲ್ಲ. ಎಷ್ಟು ಹೊತ್ತು ಕೊರೆದಿರಿ ಅಂತ ನಿಮಗೇ ಗೊತ್ತು.

ಎರಡನೆಯ ಅರಸುಗಳು 6ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಷನ ಶಿಷ್ಯರು ಯೊರ್ದನ್ ಹೊಳೆ ಹತ್ತಿರ ಮರ ಕಡಿಯುತ್ತಿರುತ್ತಾರೆ. ಇದ್ದ ಜಾಗ ಸಾಲದೆ ಹೊಸ ಮನೆ ಕಟ್ಟಿಕೊಳ್ಳಲು. ಒಬ್ಬನ ಕೊಡಲಿಯ ತಲೆ ಕಳಚಿ ನೀರಿಗೆ ಬೀಳುತ್ತದೆ. ಅಯ್ಯೋ, ಅದು ಎರವಲು ತಂದದ್ದು ಅಂತ ಅವನು ಕೂಗಿಕೊಳ್ಳುತ್ತಾನೆ. ಎಲೀಷ ಆ ಕಬ್ಬಿಣವನ್ನು ತೇಲಿಸಿದ ಪವಾಡದ ಬಗ್ಗೆ ಚರ್ಚಿನ ಪ್ರಸಂಗಗಳಲ್ಲಿ ಜಾಸ್ತಿ ಕೇಳಿದ್ದೇವೆ. ನನ್ನನ್ನು ಹಿಡಿಯೋದು ಆ ಕೂಗು. ಅವನದೂ ತಪ್ಪಿರಲಿಲ್ಲ.

ಇನ್ನು ‘ಅವನು ಬಿಟ್ಟುಬಿಡಬೇಕು’ ಅನ್ನೋದು. ಕೊಡುವವನಿಗೂ ಕಟ್ಟುಪಾಡುಗಳು ಬೇಕಾದಷ್ಟಿವೆ. ಧರ್ಮೋಪದೇಶಕಾಂಡ 24ರ ಪ್ರಕಾರ, ಸಾಲ ಕೊಟ್ಟವನು ಅಡವು ತರಲು ಸಾಲಗಾರನ ಮನೆಯೊಳಗೆ ಹೋಗುವಂತಿಲ್ಲ. ಹೊರಗೇ ನಿಲ್ಲಬೇಕು, ಸಾಲಗಾರನೇ ತಂದುಕೊಡಬೇಕು. ಬಡವನ ಹೊದಿಕೆಯಾದರೆ ಹೊತ್ತು ಮುಳುಗುವಾಗ ವಾಪಸು ಕೊಡಬೇಕು. ಬೀಸುವ ಕಲ್ಲನ್ನಂತೂ ಅಡವಿಗೆ ಮುಟ್ಟಲೇಬಾರದು. ಲೂಕ 6:35ರಲ್ಲಿ ಯೇಸು, ತಿರುಗಿ ಬರುತ್ತದೆ ಅಂತ ನಿರೀಕ್ಷಿಸದೆ ಕೊಡಿ ಅನ್ನುತ್ತಾನೆ. ಆದರೆ ಆ ಮಾತು ಕೊಡುವವನಿಗೆ ಹೇಳಿದ್ದು. ತಗೊಂಡವನು ಅದನ್ನು ಎತ್ತಿ ಕೊಟ್ಟವನ ಮುಂದೆ ಹಿಡಿಯೋದು ಸರಿ ಕಾಣಲ್ಲ. ತಗೊಂಡವನಿಗೆ ಬೇರೆ ಮಾತಿದೆ: ಸಾಲ ಮಾಡಿ ತೀರಿಸದವನನ್ನು ಕೀರ್ತನೆ 37:21 ದುಷ್ಟ ಅಂತಲೇ ಕರೆಯುತ್ತದೆ.

ಮೊದಲು ಅಂಗಡಿಯಲ್ಲಿ ತೋರಿಸಿ. ಬರೀ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಹೋಗಿದ್ದರೆ ಹೊಸ ಮೆಷಿನ್ ಬೇಕಾಗದೇ ಇರಬಹುದು. ಖರ್ಚು ಎಷ್ಟೇ ಆಗಲಿ, ಕೊಡುತ್ತೇನೆ ಅಂತ ನೀವೇ ಹೇಳಿ. ಬೇಡ ಅನ್ನೋದು ಅವನ ಇಷ್ಟ.